‘ಸರ್ಕಾರದ್ದು’ ಅಂದ್ರೆ ಯಾರದ್ದು? ಮಂಡ್ಯ–ಮೈಸೂರಿನ ಸರ್ಕಾರಿ ಕಂಪನಿಗಳ ಲೆಕ್ಕ ಕೇಳೋದು ಹೇಗೆ

ನಾಲೆಬದಿ:
ಮೈಷುಗರ್ ಸಕ್ಕರೆ ಕಾರ್ಖಾನೆ, ಕರೆಂಟ್ ಕೊಡೋ ಸೆಸ್ಕ್, ಮೈಸೂರು ಪೇಂಟ್ಸ್, ರೇಷ್ಮೆ ನೇಯ್ಗೆ ಕಾರ್ಖಾನೆ, ಕಾವೇರಿ ನೀರಾವರಿ ನಿಗಮ. ನಮ್ಮ ಎರಡು ಜಿಲ್ಲೆಯಲ್ಲಿ ‘ಸರ್ಕಾರದ್ದು’ ಅನ್ನಿಸಿಕೊಳ್ಳೋವು ಇಷ್ಟೊಂದಿವೆ. ಏನಾದ್ರೂ ಎಡವಟ್ಟಾದಾಗ ಅಧ್ಯಕ್ಷರು ಎಂ.ಡಿ. ಕಡೆ ಕೈ ತೋರಿಸ್ತಾರೆ, ಎಂ.ಡಿ. ವಿಧಾನಸೌಧದ ಕಡೆ. ಕಾಗದದ ಮೇಲೆ ಯಜಮಾನ ಯಾರು? ಲೆಕ್ಕಪತ್ರ ಎಲ್ಲಿ ಸಿಗುತ್ತೆ? ಸಿಗದಿದ್ರೆ ಯಾರನ್ನ ಕೇಳಬೇಕು? ಪಕ್ಷಗಳ ಬೈದಾಟ ಬೇಡ. ಕಾಯ್ದೆ, ಕಚೇರಿ, ಕಡತ ಗೊತ್ತಿರೋರು ಬರೀರಿ.

ಲೆಕ್ಕಶಾಸ್ತ್ರಿ:
ಮೊದಲು ಸಂಸ್ಥೆಗಳ ಜಾತಿ ವಿಂಗಡಿಸಿಕೊಳ್ಳಿ, ಇಲ್ಲದಿದ್ದರೆ ತಪ್ಪು ಬಾಗಿಲು ತಟ್ಟುತ್ತೀರಿ.

ಕಂಪನಿ ಕಾಯ್ದೆ 2013ರ ಸೆಕ್ಷನ್ 2(45)ರಂತೆ, ಪಾವತಿಯಾದ ಷೇರು ಬಂಡವಾಳದಲ್ಲಿ ಶೇ. 51ಕ್ಕೆ ಕಡಿಮೆಯಿಲ್ಲದ ಪಾಲು ಕೇಂದ್ರದ್ದೋ ರಾಜ್ಯದ್ದೋ ಇಬ್ಬರದ್ದೂ ಸೇರಿಯೋ ಇದ್ದರೆ ಅದು ಸರ್ಕಾರಿ ಕಂಪನಿ. ಅದರ ಅಂಗಸಂಸ್ಥೆಯೂ ಸರ್ಕಾರಿ ಕಂಪನಿಯೇ. ಮೈಷುಗರ್, ಮೈಸೂರು ಪೇಂಟ್ಸ್, ಸೆಸ್ಕ್, ರೇಷ್ಮೆ ನೇಯ್ಗೆ ಕಾರ್ಖಾನೆ ನಡೆಸುವ ಕೆಎಸ್‌ಐಸಿ ಎಲ್ಲ ಈ ಗುಂಪಿನವು. ಕೆಎಸ್‌ಆರ್‌ಟಿಸಿ ಹಾಗಲ್ಲ. ಅದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ ಹುಟ್ಟಿದ ಶಾಸನಬದ್ಧ ನಿಗಮ. ಅದರ ಹೆಸರನ್ನು ಕಂಪನಿ ರಿಜಿಸ್ಟ್ರಾರ್ ಹತ್ತಿರ ಹುಡುಕಿದರೆ ಸಿಗುವುದಿಲ್ಲ. ಸಿಎಜಿಯೇ (ದೇಶದ ಮಹಾಲೆಕ್ಕಪರಿಶೋಧಕರು) ಅದರ ಏಕಮಾತ್ರ ಲೆಕ್ಕಪರಿಶೋಧಕ.

ಪತ್ತೆ ಮಾಡಲು ಸುಲಭದ ದಾರಿ ಸಿಐಎನ್, ಅಂದರೆ ಕಂಪನಿಯ ಗುರುತು ಸಂಖ್ಯೆ. ಒಟ್ಟು 21 ಅಕ್ಷರ-ಅಂಕಿ. ಶುರುವಿನ ‘ಎಲ್’ ಅಂದರೆ ಷೇರುಪೇಟೆಯಲ್ಲಿದೆ, ‘ಯು’ ಅಂದರೆ ಇಲ್ಲ. ನಂತರ ಐದಂಕಿಯ ಉದ್ಯಮ ಸಂಕೇತ, ‘ಕೆಎ’ ಅಂತ ರಾಜ್ಯ, ನೋಂದಣಿಯ ವರ್ಷ, ಆಮೇಲೆ ಮೂರಕ್ಷರ, ಕೊನೆಗೆ ಆರಂಕಿ. ಆ ಮೂರಕ್ಷರ ‘ಎಸ್‌ಜಿಸಿ’ ಇದ್ದರೆ ರಾಜ್ಯ ಸರ್ಕಾರದ ಕಂಪನಿ, ‘ಜಿಒಐ’ ಇದ್ದರೆ ಕೇಂದ್ರದ್ದು. ಕೆಲವು ಹಳೆಯ ಕಂಪನಿಗಳಲ್ಲಿ ‘ಪಿಎಲ್‌ಸಿ’ ಅಂತಲೇ ಉಳಿದಿರಬಹುದು. ಹಾಗಾಗಿ ಕೊನೆಯ ಮಾತು ಷೇರು ಹಂಚಿಕೆಯದ್ದೇ. ಅದು ವಾರ್ಷಿಕ ರಿಟರ್ನ್ ಎಂಜಿಟಿ-7ರಲ್ಲಿ ಇರುತ್ತದೆ.

ತೊಣ್ಣೂರುಕೆರೆ:
ಹಂಗಾದ್ರೆ ನಂದಿನಿ? ಮಂಡ್ಯದ ಹಾಲು ಒಕ್ಕೂಟ ಮನ್‌ಮುಲ್?

ಲೆಕ್ಕಶಾಸ್ತ್ರಿ:
ಸರ್ಕಾರಿ ಕಂಪನಿ ಅಲ್ಲವೇ ಅಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ಬರುವ ಸಹಕಾರಿ ಒಕ್ಕೂಟಗಳು, ಮಾಲೀಕರು ಸದಸ್ಯ ಸಂಘಗಳು. ಸಿಎಜಿ ಅಲ್ಲಿಗೆ ಬರುವುದಿಲ್ಲ, ಸಹಕಾರ ಇಲಾಖೆಯ ಲೆಕ್ಕಪರಿಶೋಧನೆಯ ದಾರಿಯೇ ಬೇರೆ. ಪಾಂಡವಪುರದ ಸಕ್ಕರೆ ಕಾರ್ಖಾನೆ ಪಿಎಸ್‌ಎಸ್‌ಕೆಯೂ ಸಹಕಾರಿಯೇ. ಅದನ್ನೂ ಮೈಷುಗರನ್ನೂ ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸದಿಂದ ಅರ್ಧ ಗೊಂದಲ ಆಗಿರುವುದು. ಮಾಹಿತಿ ಹಕ್ಕಿನಲ್ಲೂ ವ್ಯತ್ಯಾಸವಿದೆ: ಸಹಕಾರ ಸಂಘಗಳು ತಾವಾಗಿಯೇ ‘ಸಾರ್ವಜನಿಕ ಪ್ರಾಧಿಕಾರ’ ಆಗುವುದಿಲ್ಲ ಅಂತ 2013ರಲ್ಲಿ ತಲಪ್ಪಾಲಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರಿ ಕಂಪನಿಗೆ ಆ ನೆಪ ಇಲ್ಲ.

ಬನ್ನಿಮಂಟಪ:
ಯಜಮಾನ ಯಾರು ಅನ್ನೋದಕ್ಕೆ ಮೈಸೂರು ಪೇಂಟ್ಸ್ ಒಳ್ಳೆ ಉದಾಹರಣೆ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಅಂತ ಶುರುವಾಯ್ತು, 1947ರಲ್ಲಿ ಸರ್ಕಾರಿ ಕಂಪನಿ ಆಯ್ತು, 1989ರಲ್ಲಿ ಈಗಿನ ಹೆಸರು. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚೋ ಶಾಯಿ ಇಲ್ಲಿಂದಲೇ ಹೋಗೋದು. ಶೇ. 90ಕ್ಕೂ ಮೇಲ್ಪಟ್ಟ ಷೇರು ರಾಜ್ಯ ಸರ್ಕಾರದ್ದು, ಉಳಿದ ಚೂರುಪಾರು ಖಾಸಗಿ ಷೇರುದಾರರದ್ದು.

ಆದ್ರೆ ‘ರಾಜ್ಯ ಸರ್ಕಾರ’ ಅಂತ ಷೇರು ಪುಸ್ತಕದಲ್ಲಿ ಹೆಸರು ಬರೆಯೋದು ಹೆಂಗೆ? ಸಾಮಾನ್ಯವಾಗಿ ಕರ್ನಾಟಕದ ರಾಜ್ಯಪಾಲರ ಹೆಸರಲ್ಲಿ. ರಾಜ್ಯಪಾಲರೇನು ಸಭೆಗೆ ಬರಲ್ಲ. ಸೆಕ್ಷನ್ 112ರ ಪ್ರಕಾರ ಅವರ ಪ್ರತಿನಿಧಿಯಾಗಿ ಒಬ್ಬ ಅಧಿಕಾರಿಯನ್ನ ನೇಮಿಸ್ತಾರೆ, ಅವರು ಬಂದು ಕೈ ಎತ್ತಿದ್ರೆ ಮುಗೀತು.

ಸರ್ಕಾರವೊಂದೇ ಷೇರುದಾರ ಆಗಿರೋ ಕಂಪನಿಗಳಲ್ಲಿ ಇನ್ನೊಂದು ತೊಡಕು. ಪಬ್ಲಿಕ್ ಕಂಪನಿಗೆ ಕನಿಷ್ಠ ಏಳು ಸದಸ್ಯರು ಬೇಕು. ಅದಕ್ಕೆ ಕಾರ್ಯದರ್ಶಿ, ಉಪಕಾರ್ಯದರ್ಶಿಗಳ ಹೆಸರಿಗೆ ಒಂದೊಂದೇ ಷೇರು ಹಾಕಿರ್ತಾರೆ. ಹೆಸರು ಅವರದ್ದು, ಹಕ್ಕು ಸರ್ಕಾರದ್ದು. ಅಧಿಕಾರಿ ವರ್ಗ ಆದಾಗ ಷೇರನ್ನ ಮುಂದಿನವರಿಗೆ ದಾಟಿಸಬೇಕು. ಇದು ಮರೆತುಹೋಗುತ್ತೆ. ನಿವೃತ್ತರಾದ ಅಧಿಕಾರಿಯ ಹೆಸರು ಸದಸ್ಯರ ರಿಜಿಸ್ಟರ್‌ನಲ್ಲಿ ಹಂಗೇ ಕೂತಿರುತ್ತೆ. ಸಾವಿರದವರೆಗೆ ಸದಸ್ಯರಿರೋ ಪಬ್ಲಿಕ್ ಕಂಪನಿಗೆ ಕೋರಂ ಐದು ಜನ, ಖುದ್ದು ಹಾಜರಿರಬೇಕು. ಸಭೆ ದಿನ ಐದು ತಲೆ ಸಿಗದೆ ಪರದಾಟ.

ಆಲೆಮನೆ:
ರಾಜ್ಯಪಾಲರು, ಪ್ರತಿನಿಧಿ, ಕೋರಂ... ಇದೆಲ್ಲ ಕೇಳೋಕೆ ಚೆಂದ ಕಣಣ್ಣ. ನಿಗಮ-ಮಂಡಳಿ ಅಧ್ಯಕ್ಷಗಿರಿ ಹಂಚೋದು ಹೆಂಗೆ ಅಂತ ಮಂಡ್ಯದ ಸಂತೇಲಿ ಸೊಪ್ಪು ಮಾರೋ ಅಜ್ಜಿಗೂ ಗೊತ್ತು. ಎಂ.ಡಿ. ಕುರ್ಚಿ ‘ಹೆಚ್ಚುವರಿ ಪ್ರಭಾರ’ದಲ್ಲೇ ಇರುತ್ತೆ. ಇಂಥ ಕಡೆ ಕಾಯ್ದೆ ಏನು ಮಾಡುತ್ತೆ?

ಲೆಕ್ಕಶಾಸ್ತ್ರಿ:
ಆಲೆಮನೆ ಅವರೇ, ಕಾಯ್ದೆ ಎಲ್ಲವನ್ನೂ ಮಾಡುವುದಿಲ್ಲ. ಆದರೆ ಉಸ್ತುವಾರಿಯ ಇಡೀ ಸರಪಳಿ ಒಂದೇ ಕೊಂಡಿಗೆ ನೇತುಹಾಕಿಕೊಂಡಿದೆ: ವರ್ಷದ ಲೆಕ್ಕಪತ್ರ ಹೊತ್ತಿಗೆ ಸರಿಯಾಗಿ ಮುಗಿಯುವುದು. ಅಧ್ಯಕ್ಷ ಯಾವ ಪಕ್ಷದವನು ಅನ್ನುವುದಕ್ಕಿಂತ ‘ಕೊನೆಯದಾಗಿ ಅಂಗೀಕಾರವಾದ ಲೆಕ್ಕ ಯಾವ ವರ್ಷದ್ದು’ ಅನ್ನುವ ಪ್ರಶ್ನೆಗೆ ಬೆಲೆ ಹೆಚ್ಚು.

ದಾರಿ ಹೀಗೆ ಸಾಗಬೇಕು. ಆರ್ಥಿಕ ವರ್ಷ ಶುರುವಾದ 180 ದಿನದೊಳಗೆ ಶಾಸನಬದ್ಧ ಲೆಕ್ಕಪರಿಶೋಧಕರನ್ನು ಸಿಎಜಿ ನೇಮಿಸುತ್ತಾರೆ, ಸೆಕ್ಷನ್ 139(5). ಕಂಪನಿಯ ಬೋರ್ಡ್‌ಗೆ ಇದರಲ್ಲಿ ಆಯ್ಕೆಯೇ ಇಲ್ಲ. ಮಾರ್ಚ್ 31ಕ್ಕೆ ವರ್ಷ ಮುಗಿದ ಮೇಲೆ ಬೋರ್ಡ್ ಲೆಕ್ಕವನ್ನು ಒಪ್ಪಬೇಕು, ಲೆಕ್ಕಪರಿಶೋಧಕರು ವರದಿ ಕೊಡಬೇಕು. ಆ ವರದಿ ಕೈಸೇರಿದ 60 ದಿನದೊಳಗೆ ಸಿಎಜಿ ಪೂರಕ ಲೆಕ್ಕಪರಿಶೋಧನೆ ಮಾಡಿ ಟಿಪ್ಪಣಿ ಕೊಡಬಹುದು, ಸೆಕ್ಷನ್ 143(6). ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ. ಸಭೆಯಾದ ಮೂರು ತಿಂಗಳೊಳಗೆ ಸರ್ಕಾರ ಆ ಕಂಪನಿಯ ಕೆಲಸದ ಬಗ್ಗೆ ವಾರ್ಷಿಕ ವರದಿ ಸಿದ್ಧಪಡಿಸಿ, ಲೆಕ್ಕಪರಿಶೋಧನಾ ವರದಿ ಮತ್ತು ಸಿಎಜಿ ಟಿಪ್ಪಣಿ ಸಮೇತ ವಿಧಾನಮಂಡಲದಲ್ಲಿ ಮಂಡಿಸಬೇಕು. ರಾಜ್ಯದ ಕಂಪನಿಗೆ ಇದು ಸೆಕ್ಷನ್ 395.

ಈಗ ಹಿಂದಿನಿಂದ ಎಣಿಸಿ. ಸೆಪ್ಟೆಂಬರ್ 30ಕ್ಕೆ ಸಭೆ ಅಂದರೆ 21 ದಿನ ಮೊದಲು ನೋಟಿಸ್. ಅದಕ್ಕೂ ಮೊದಲು ಸಿಎಜಿಯ 60 ದಿನ. ಅಂದರೆ ಜುಲೈ ಮೊದಲ ವಾರದೊಳಗೆ ಲೆಕ್ಕಪರಿಶೋಧಕರ ಸಹಿ ಬಿದ್ದಿರಬೇಕು. ದಾಸ್ತಾನು ಎಣಿಕೆ, ಸಾಲಗಾರರ ಬಾಕಿ ದೃಢೀಕರಣ, ಸ್ಥಿರಾಸ್ತಿ ರಿಜಿಸ್ಟರ್ ಈ ಮೂರರಲ್ಲಿ ಒಂದು ಕೈಕೊಟ್ಟರೂ ಜುಲೈ ತಪ್ಪುತ್ತದೆ. ಜುಲೈ ತಪ್ಪಿದರೆ ಮಹಾಸಭೆ ಕರೆದು ‘ಲೆಕ್ಕ ಸಿದ್ಧವಿಲ್ಲ’ ಅಂತ ಮುಂದೂಡುತ್ತಾರೆ. ಮುಂದೂಡಿದ ಸಭೆಗೆ ದಿನಾಂಕವೇ ಬರುವುದಿಲ್ಲ. ಆ ವರ್ಷದ ಲೆಕ್ಕ ನಿಂತರೆ ಮರುವರ್ಷದ ಆರಂಭದ ಶಿಲ್ಕು ಖಚಿತವಾಗುವುದಿಲ್ಲ, ಹಾಗಾಗಿ ಮರುವರ್ಷದ್ದೂ ನಿಲ್ಲುತ್ತದೆ. ಹಿಂಬಾಕಿ ಹುಟ್ಟುವುದು ಹೀಗೆ. ಅಲ್ಲಿಂದ ಮುಂದೆ ಸಿಎಜಿ ಟಿಪ್ಪಣಿ ಇಲ್ಲ, ಸದನದಲ್ಲಿ ಮಂಡನೆ ಇಲ್ಲ, ವಿಧಾನಮಂಡಲದ ಸಾರ್ವಜನಿಕ ಉದ್ದಿಮೆಗಳ ಸಮಿತಿಗೆ ಕೇಳಲು ತಾಜಾ ಸರಕೂ ಇಲ್ಲ. ಯಾರೂ ಏನನ್ನೂ ಮುಚ್ಚಿಡಬೇಕಾಗಿಲ್ಲ, ಲೆಕ್ಕ ಮುಗಿಸದಿದ್ದರೆ ಸಾಕು.

ಹಳೇಕಡತ:
ಶಾಸ್ತ್ರಿಗಳ ಮಾತಿಗೆ ಒಂದು ಸೇರ್ಪಡೆ. ಸರ್ಕಾರಿ ಕಂಪನಿಗಳಿಗೆ 2015ರ ಜೂನ್ 5ರ ಅಧಿಸೂಚನೆಯಿಂದ ಹಲವು ವಿನಾಯಿತಿಗಳಿವೆ. ವ್ಯವಸ್ಥಾಪಕರ ಸಂಬಳದ ಮಿತಿ ಅವುಗಳಲ್ಲೊಂದು. 2017ರ ಜೂನ್‌ನಲ್ಲಿ ಅದಕ್ಕೊಂದು ಷರತ್ತು ಸೇರಿಸಿದರು: ಲೆಕ್ಕಪತ್ರ ಮತ್ತು ವಾರ್ಷಿಕ ರಿಟರ್ನ್ ಸಲ್ಲಿಕೆಯಲ್ಲಿ ತಪ್ಪಿರದ ಕಂಪನಿಗೆ ಮಾತ್ರ ವಿನಾಯಿತಿ. ಹಿಂಬಾಕಿ ಇಟ್ಟುಕೊಂಡಿರುವ ಬೋರ್ಡುಗಳು ಈ ಸಾಲನ್ನು ಓದಿದಂತೆ ಕಾಣುವುದಿಲ್ಲ. ಜೊತೆಗೆ ಲೆಕ್ಕಪತ್ರ ಸಲ್ಲಿಸುವ ಎಒಸಿ-4, ವಾರ್ಷಿಕ ರಿಟರ್ನಿನ ಎಂಜಿಟಿ-7 ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎರಡೂ ಫಾರಂ ಒಂದು ವರ್ಷ ತಡವಾದರೆ 73,000 ರೂಪಾಯಿ. ಕಟ್ಟುವುದು ನಿಮ್ಮ ನಮ್ಮ ಹಣದಿಂದಲೇ ಅನ್ನಿ.

ಇನ್ನು ಆಯವ್ಯಯದ ಕಡೆಯಿಂದ ನೋಡುವ ಕ್ರಮ. ಸರ್ಕಾರ ಕಂಪನಿಗೆ ಹಣ ಕೊಡುವ ದಾರಿ ಮುಖ್ಯವಾಗಿ ಮೂರು. ಷೇರು ಬಂಡವಾಳವಾದರೆ ಲೆಕ್ಕ ಶೀರ್ಷಿಕೆ 4 ಅಥವಾ 5ರಿಂದ ಶುರು, ಸಾಲವಾದರೆ 6 ಅಥವಾ 7ರಿಂದ, ಸಬ್ಸಿಡಿ ಅಥವಾ ಸಹಾಯಾನುದಾನವಾದರೆ 2 ಅಥವಾ 3ರಿಂದ. ಸಕ್ಕರೆಗೆ 4860 ಮತ್ತು 6860, ಅದರೊಳಗೆ ಉಪಶೀರ್ಷಿಕೆ 04. ವಿದ್ಯುತ್ತಿಗೆ 4801 ಮತ್ತು 6801. ‘ಕಾರ್ಖಾನೆಗೆ ಇಷ್ಟು ಕೋಟಿ ಕೊಟ್ಟೆವು’ ಎಂದು ಭಾಷಣದಲ್ಲಿ ಕೇಳಿದಾಗ ಮೊದಲು ನೋಡಬೇಕಾದ್ದು ಇದು. 6ರಲ್ಲಿ ಬಂದಿದ್ದರೆ ಅದು ಕೊಡುಗೆಯಲ್ಲ, ಬಡ್ಡಿ ಸಮೇತ ಕಂಪನಿಯ ತಲೆಯ ಮೇಲಿರುವ ಸಾಲ.

ಖರ್ಚಾದ ಮೇಲಿನ ಲೆಕ್ಕ ಬೇಕಿದ್ದರೆ ಮಹಾಲೇಖಪಾಲರು ಪ್ರತಿವರ್ಷ ತರುವ ಹಣಕಾಸು ಲೆಕ್ಕಗಳ ಪುಸ್ತಕ ತೆರೆಯಿರಿ. 18ನೇ ತಃಖ್ತೆ ಸರ್ಕಾರ ಕೊಟ್ಟ ಸಾಲ, 19 ಹೂಡಿಕೆ, 20 ಖಾತರಿ. 19ರಲ್ಲಿ ಕಂಪನಿವಾರು ಮೊತ್ತವೂ ಬಂದ ಲಾಭಾಂಶವೂ ಇರುತ್ತದೆ. ಅದನ್ನು ಕಂಪನಿಯ ಬ್ಯಾಲೆನ್ಸ್ ಶೀಟ್ ಪಕ್ಕದಲ್ಲಿಟ್ಟು ನೋಡಿ, ಎಷ್ಟೋ ಕಡೆ ತಾಳೆ ಬರುವುದಿಲ್ಲ. ಕಾರಣ ಸರಳ: ಇಲಾಖೆ ಹಣ ಬಿಡುಗಡೆ ಮಾಡಿ ‘ಬಂಡವಾಳ’ ಎಂದು ಬರೆದುಕೊಳ್ಳುತ್ತದೆ, ಆದರೆ ಕಂಪನಿಯ ಅಧಿಕೃತ ಬಂಡವಾಳದ ಮಿತಿ ತುಂಬಿಹೋಗಿರುತ್ತದೆ. ಮಿತಿ ಏರಿಸಲು ಸಭೆಯ ನಿರ್ಣಯ ಬೇಕು, 30 ದಿನದೊಳಗೆ ಎಸ್‌ಎಚ್-7 ಫಾರಂ ಸಲ್ಲಿಸಬೇಕು, ರಿಜಿಸ್ಟ್ರಾರ್ ಶುಲ್ಕ ಕಟ್ಟಬೇಕು. ಅದಾಗುವವರೆಗೆ ಹಣ ‘ಹಂಚಿಕೆ ಬಾಕಿಯಿರುವ ಷೇರು ಅರ್ಜಿ ಹಣ’ ಎಂಬ ತಲೆಬರಹದಡಿ ಕೊಳೆಯುತ್ತದೆ. ಆ ಹಣಕ್ಕೆ ಮತವೂ ಇಲ್ಲ, ಲಾಭಾಂಶವೂ ಇಲ್ಲ.

ಆಲೆಮನೆ:
ಲೆಕ್ಕ ಸರಿಯಾಗಿ ಮುಗಿದ್ರೆ ಎಲ್ಲ ಸರಿ ಅನ್ನೋ ಹಂಗೆ ಹೇಳ್ತಾ ಇದೀರಲ್ಲ, ಅದು ನಂಗೆ ಒಪ್ಪಿಗೆ ಇಲ್ಲ. 2024ರಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಬ್ಯಾಂಕ್ ಖಾತೆಯಿಂದ ಕೋಟಿಗಟ್ಟಲೆ ಹಣ ಯಾರ್ಯಾರದ್ದೋ ಖಾತೆಗೆ ಹೋಯ್ತಲ್ಲ, ಮಂತ್ರಿನೇ ರಾಜೀನಾಮೆ ಕೊಡಬೇಕಾಯ್ತಲ್ಲ, ಅದನ್ನ ವರ್ಷಕ್ಕೊಂದ್ಸಲ ಬರೋ ಆಡಿಟರ್ ತಡೆಯೋಕಾಗ್ತಿತ್ತಾ?

ಲೆಕ್ಕಶಾಸ್ತ್ರಿ:
ತಡೆಯಲು ಆಗುತ್ತಿರಲಿಲ್ಲ, ಒಪ್ಪಿದೆ. ವಾರ್ಷಿಕ ಲೆಕ್ಕ ಹಿಂದಿನದನ್ನು ತೋರಿಸುತ್ತದೆ, ಇವತ್ತಿನ ಕಳ್ಳನನ್ನು ಹಿಡಿಯುವುದಿಲ್ಲ. ಅದಕ್ಕೆ ಬೇಕಾದ್ದು ತಿಂಗಳ ಶಿಸ್ತು: ಹೊಸ ಖಾತೆ ತೆರೆಯಲು ಬೋರ್ಡ್ ನಿರ್ಣಯ, ಎರಡು ಸಹಿ, ಪ್ರತಿ ತಿಂಗಳು ಕ್ಯಾಶ್‌ಬುಕ್ಕಿನ ಶಿಲ್ಕಿಗೂ ಪಾಸ್‌ಬುಕ್ಕಿನ ಶಿಲ್ಕಿಗೂ ತಾಳೆಪಟ್ಟಿ. ಆ ತಾಳೆಪಟ್ಟಿಗೆ ಸಹಿ ಹಾಕುವವರು ಚೆಕ್ಕಿಗೆ ಸಹಿ ಹಾಕುವವರೇ ಆಗಿರಬಾರದು. ಬ್ಯಾಂಕ್ ಕೊಡುವ ಶಿಲ್ಕು ಪ್ರಮಾಣಪತ್ರವನ್ನು ಆಡಿಟರ್ ನೇರವಾಗಿ ಬ್ಯಾಂಕಿನಿಂದ ತರಿಸಿಕೊಳ್ಳಬೇಕು, ಕಂಪನಿಯ ಕೈಯಿಂದ ಅಲ್ಲ. ಆದರೆ ಒಂದು ಮಾತು: ಲೆಕ್ಕ ನಾಲ್ಕು ವರ್ಷ ಹಿಂದೆ ಬಿದ್ದಿರುವ ಕಡೆ ತಿಂಗಳ ತಾಳೆಪಟ್ಟಿ ಮಾತ್ರ ನಿಯತ್ತಾಗಿ ನಡೆಯುತ್ತಿರುತ್ತದೆ ಅಂತ ನಂಬಲು ನಾನು ತಯಾರಿಲ್ಲ.

ಫೀಡರ್ ನಂ. 6:
ಸೆಸ್ಕ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. 1999ರ ಸುಧಾರಣಾ ಕಾಯ್ದೆಯಿಂದ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಎಸ್ಕಾಂಗಳು ಬೇರೆಯಾದವು, ಮೆಸ್ಕಾಂನಿಂದ ಒಡೆದು 2005ರಲ್ಲಿ ಚಾಮುಂಡೇಶ್ವರಿ ಕಂಪನಿ, ಅದೇ ಸೆಸ್ಕ್. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು. ಇಲ್ಲಿ ಸರ್ಕಾರಕ್ಕೆ ಮೂರು ವೇಷ. ಒಂದು, ಮಾಲೀಕ. ಎರಡು, ಪಂಪ್‌ಸೆಟ್ಟಿಗೂ ಗೃಹಜ್ಯೋತಿಗೂ ಸಬ್ಸಿಡಿ ಕೊಡಬೇಕಾದ ಸಾಲಗಾರ. ಮೂರು, ಪಂಚಾಯ್ತಿಯ ಬೀದಿದೀಪ, ಕುಡಿಯುವ ನೀರಿನ ಬಿಲ್ಲು ಬಾಕಿ ಇಟ್ಟುಕೊಂಡಿರೋ ಗ್ರಾಹಕ. ಮಾಲೀಕನೇ ಬಾಕಿದಾರ ಆದ್ರೆ ಎಂ.ಡಿ. ಯಾರಿಗೆ ನೋಟಿಸ್ ಕೊಡ್ತಾನೆ?

ಕಾಯ್ದೆಯಲ್ಲಿ ಮದ್ದು ಇದೆ. ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 65: ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಗೊತ್ತುಮಾಡಿದ ದರಕ್ಕಿಂತ ಕಮ್ಮಿಗೆ ಯಾರಿಗಾದ್ರೂ ಕೊಡಿಸಬೇಕು ಅಂದ್ರೆ ಸರ್ಕಾರ ಆ ಹಣವನ್ನ ಮುಂಗಡ ಕಟ್ಟಬೇಕು. ಕಟ್ಟದಿದ್ರೆ ಸರ್ಕಾರದ ನಿರ್ದೇಶನ ನಡೆಯಲ್ಲ, ಆಯೋಗದ ದರವೇ ಲಾಗೂ. ಹಣ ತಡವಾದಷ್ಟೂ ಕಂಪನಿ ಬ್ಯಾಂಕಿನಿಂದ ಸಾಲ ಎತ್ತಿ ವಿದ್ಯುತ್ ಖರೀದಿ ಬಿಲ್ಲು ಕಟ್ಟುತ್ತೆ, ಆ ಬಡ್ಡಿ ಮತ್ತೆ ದರ ಪರಿಷ್ಕರಣೆ ಅರ್ಜಿಗೆ ಬರುತ್ತೆ.

ಇನ್ನೊಂದು ಕಣ್ಣಿಗೆ ಬೀಳದ ಜಾಗ ಪಂಪ್‌ಸೆಟ್ ಬಳಕೆಯ ಅಂದಾಜು. ಬಹುಪಾಲು ಪಂಪ್‌ಸೆಟ್ಟಿಗೆ ಮೀಟರ್ ಓದೋರಿಲ್ಲ. ಫೀಡರ್‌ಗೆ ಹೋದ ಯೂನಿಟ್ಟಿನಲ್ಲಿ ಮೀಟರ್ ಇರೋರದ್ದು ಕಳೆದು, ಒಂದಿಷ್ಟು ನಷ್ಟ ಕಳೆದು, ಉಳಿದದ್ದು ಪಂಪ್‌ಸೆಟ್ ಲೆಕ್ಕ. ನಷ್ಟವನ್ನ ಕಮ್ಮಿ ತೋರಿಸಬೇಕು ಅಂದ್ರೆ ಪಂಪ್‌ಸೆಟ್ ಬಳಕೆ ಉಬ್ಬಿಸಿದ್ರೆ ಆಯ್ತು. ಕಳ್ಳತನವೂ ಹಳೇ ತಂತಿಯ ನಷ್ಟವೂ ರೈತರ ಹೆಸರಿಗೆ. ಇದನ್ನ ಹಿಡಿಯೋ ಜಾಗ ಕೆಇಆರ್‌ಸಿಯ ಸಾರ್ವಜನಿಕ ವಿಚಾರಣೆ. ಅರ್ಜಿಯ ಸಾರಾಂಶ ಪತ್ರಿಕೆಯಲ್ಲಿ ಬಂದ ಮೇಲೆ ಗಡುವಿನೊಳಗೆ ಪ್ರಮಾಣಪತ್ರದ ಸಮೇತ ಆಕ್ಷೇಪಣೆ ಹಾಕಬಹುದು, ಕಂಪನಿ ಒಂದೊಂದಕ್ಕೂ ಲಿಖಿತ ಉತ್ತರ ಕೊಡಬೇಕು. ‘ದರ ಏರಿಸಬೇಡಿ’ ಅಂತ ಬರೆದ್ರೆ ಒಂದು ಸಾಲಿನಲ್ಲಿ ಮುಗಿಸ್ತಾರೆ. ‘ಮಂಡ್ಯ, ಮದ್ದೂರು, ಪಾಂಡವಪುರ ವಿಭಾಗಗಳ ಪ್ರತ್ಯೇಕಿಸಿದ ಕೃಷಿ ಫೀಡರ್‌ಗಳ ತಿಂಗಳವಾರು ಯೂನಿಟ್, ಪಂಪ್‌ಸೆಟ್ ಸಂಖ್ಯೆ ಕೊಡಿ’ ಅಂತ ಬರೀರಿ. ಭಾಗಿಸಿದ್ರೆ ಒಂದು ಪಂಪ್‌ಸೆಟ್ಟಿಗೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತೆ. ಪಕ್ಕದ ಉಪವಿಭಾಗಕ್ಕಿಂತ ಎರಡು ಪಟ್ಟು ಬಂದ್ರೆ ಅಲ್ಲೇ ಪ್ರಶ್ನೆ.

ನಾಲೆಬದಿ:
ಬಹಳ ಉಪಯೋಗ ಆಯ್ತು ಸಾರ್. ಮೈಷುಗರ್ ವಿಚಾರಕ್ಕೆ ಬನ್ನಿ. ಗುತ್ತಿಗೆಗೆ ಕೊಟ್ಟಿದ್ರೆ ಒಳ್ಳೇದಿತ್ತು ಅನ್ನೋರು ಈಗಲೂ ಇದ್ದಾರೆ.

ಆಲೆಮನೆ:
1933ರಲ್ಲಿ ಹುಟ್ಟಿದ ಕಂಪನಿ, ದಿನಕ್ಕೆ 5,000 ಟನ್ ಅರೆಯೋ ಸಾಮರ್ಥ್ಯ, ರೈತರೂ ಷೇರುದಾರರು. ವರ್ಷಗಟ್ಟಲೆ ನಿಂತು, ಗುತ್ತಿಗೆ ಪ್ರಸ್ತಾಪ ಬಂದು, ರೈತರು ಬೇಡ ಅಂದ ಮೇಲೆ ಸರ್ಕಾರವೇ ನಡೆಸ್ತೀನಿ ಅಂತ 2022ರಲ್ಲಿ ಮತ್ತೆ ಶುರು ಮಾಡ್ತು. ಪಿಎಸ್‌ಎಸ್‌ಕೆ 2020ರಲ್ಲಿ 40 ವರ್ಷಕ್ಕೆ ನಿರಾಣಿಯವರಿಗೆ ಗುತ್ತಿಗೆ ಹೋಯ್ತು.

ಸರ್ಕಾರದ್ದೋ ಖಾಸಗಿಯೋ ಅನ್ನೋದು ಎರಡನೇ ಪ್ರಶ್ನೆ ಕಣ್ರಿ. ಮೊದಲನೇದು ಇಳುವರಿ, ಅಂದ್ರೆ ಅರೆದ ಕಬ್ಬಿನಿಂದ ಸಿಗೋ ಸಕ್ಕರೆಯ ಪ್ರಮಾಣ. 80 ದಿನ ಪೂರ್ತಿ ಅರೆದ್ರೆ 4 ಲಕ್ಷ ಟನ್ ಕಬ್ಬು. ಇಳುವರಿ ಶೇ. 9 ಇದ್ರೆ 36,000 ಟನ್ ಸಕ್ಕರೆ, ಶೇ. 8 ಇದ್ರೆ 32,000. ಹೋದದ್ದು 4,000 ಟನ್. 2019ರಲ್ಲಿ ನಿಗದಿ ಮಾಡಿದ ಕನಿಷ್ಠ ಮಾರಾಟ ದರ ಕಿಲೋಗೆ 31 ರೂಪಾಯಿ ಹಿಡಿದ್ರೂ 12 ಕೋಟಿ 40 ಲಕ್ಷ. ಇಷ್ಟು ದುಡ್ಡು ಹೋಗೋಕೆ ಯಾರೂ ತಿನ್ನಬೇಕಾಗಿಲ್ಲ. ಕಡಿದ ಕಬ್ಬು ಯಾರ್ಡಿನಲ್ಲಿ ಎರಡು ಮೂರು ದಿನ ಒಣಗಿದ್ರೆ ಸಾಕು, ಬಾಯ್ಲರ್ ಪದೇಪದೇ ನಿಂತ್ರೆ ಸಾಕು. ಮಿಲ್ಲು ನಿಂತಾಗ ರಸ ಹುಳಿಯಾಗುತ್ತೆ, ಮತ್ತೆ ಉಗಿ ಏರಿಸೋಕೆ ಸೌದೆಯೋ ಹೊರಗಿನ ರಚ್ಚೋ (ಕಬ್ಬಿನ ಸಿಪ್ಪೆ) ತರಬೇಕು. ಎರಡು ಸಲ ಹಿಂಗಾದ್ರೆ ರೈತ ಕಬ್ಬನ್ನ ಆಲೆಮನೆಗೆ ಹೊಡೀತಾನೆ. ಕಬ್ಬು ಕಮ್ಮಿಯಾದ್ರೆ ಮಿಲ್ಲು ಅರೆಹೊಟ್ಟೆಯಲ್ಲಿ ಓಡುತ್ತೆ, ಇಳುವರಿ ಇನ್ನೂ ಇಳಿಯುತ್ತೆ.

ಇದಕ್ಕಿಂತ ದೊಡ್ಡ ಪೆಟ್ಟು ಎಫ್‌ಆರ್‌ಪಿ, ಅಂದ್ರೆ ಕೇಂದ್ರ ಗೊತ್ತುಮಾಡೋ ಕಬ್ಬಿನ ಬೆಲೆಯ ಲೆಕ್ಕದಲ್ಲಿದೆ. 2025-26ಕ್ಕೆ ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ 9.5ಕ್ಕಿಂತ ಎಷ್ಟೇ ಕೆಳಗಿದ್ರೂ 329 ರೂಪಾಯಿ 5 ಪೈಸೆಗಿಂತ ಕಮ್ಮಿ ಕೊಡೋ ಹಂಗಿಲ್ಲ. ರೈತನಿಗೆ ಇದು ಸರಿಯಾಗೇ ಇದೆ, ಮಿಲ್ಲು ಕೆಟ್ಟದ್ದಕ್ಕೆ ಅವನ್ಯಾಕೆ ದಂಡ ಕಟ್ಟಬೇಕು? ಆದ್ರೆ 8ರ ಇಳುವರಿಯ ಕಾರ್ಖಾನೆ ಟನ್ನಿಗೆ 3,290 ರೂಪಾಯಿ ಕೊಟ್ಟು 80 ಕಿಲೋ ಸಕ್ಕರೆ ತೆಗೆಯುತ್ತೆ. ಬರೀ ಕಬ್ಬಿನ ಬೆಲೆಯೇ ಕಿಲೋ ಸಕ್ಕರೆಗೆ 41 ರೂಪಾಯಿ ಆಯ್ತು. ಸಂಬಳ, ಬಡ್ಡಿ, ಸುಣ್ಣ, ಗಂಧಕ ಇನ್ನೂ ಸೇರಿಲ್ಲ. ಕಾಕಂಬಿ, ಸಹವಿದ್ಯುತ್ ಕೈ ಹಿಡೀದಿದ್ರೆ ಪ್ರತಿ ಟನ್ನೂ ನಷ್ಟ. ಅದಕ್ಕೇ ಸಹವಿದ್ಯುತ್ ಘಟಕ ಎಷ್ಟು ದಿನ ಓಡ್ತು, ಗ್ರಿಡ್ಡಿಗೆ ಎಷ್ಟು ಯೂನಿಟ್ ಹೋಯ್ತು ಅಂತ ಮೊದಲು ಕೇಳಿ, ಅಧ್ಯಕ್ಷರ ಕಾರಿನ ಲೆಕ್ಕ ಆಮೇಲೆ.

ಇನ್ನು ಬಾಕಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಹಣ, ತಡವಾದ್ರೆ ವರ್ಷಕ್ಕೆ ಶೇ. 15 ಬಡ್ಡಿ. ಸರ್ಕಾರಿ ಕಾರ್ಖಾನೆಗೂ ಇದೇ ಕಾನೂನು, ಅದಕ್ಕೇನು ಮಾಫಿ ಇಲ್ಲ.

ಹಳೇಕಡತ:
ಗುತ್ತಿಗೆ ಪರ ಮಾತಾಡುವವರು ಒಂದು ವಿಷಯ ಬಿಡುತ್ತಾರೆ. ಗುತ್ತಿಗೆಗೆ ಹೋದರೂ ಜಮೀನಿನ, ಯಂತ್ರದ ಮಾಲೀಕತ್ವ ಹಳೆಯ ಸಂಸ್ಥೆಯದ್ದೇ. ಆದರೆ ವಹಿವಾಟಿನ ಪುಸ್ತಕ ಗುತ್ತಿಗೆದಾರನದ್ದು, ಅವನು ಖಾಸಗಿಯಾದರೆ ಸಿಎಜಿ ಅಲ್ಲಿ ಲೆಕ್ಕಪರಿಶೋಧಕರನ್ನು ನೇಮಿಸುವುದಿಲ್ಲ. ಆಗ ಉಳಿಯುವ ಉಸ್ತುವಾರಿ ಗುತ್ತಿಗೆ ಕರಾರಿನ ಷರತ್ತುಗಳದ್ದು ಮಾತ್ರ: ವರ್ಷಕ್ಕೆ ಕನಿಷ್ಠ ಎಷ್ಟು ಟನ್ ಅರೆಯಬೇಕು, ಟನ್ನಿಗೆ ಎಷ್ಟು ಬಾಡಿಗೆ, ಹಳೆಯ ಕಾರ್ಮಿಕರ ಗ್ರಾಚ್ಯುಟಿ ಯಾರ ಹೆಗಲಿಗೆ, ಅವಧಿ ಮುಗಿದಾಗ ಹೊಸ ಯಂತ್ರ ಯಾರದ್ದು, ಕಂತು ತಪ್ಪಿದರೆ ಎಷ್ಟು ದಿನದ ನೋಟಿಸಿನಲ್ಲಿ ವಾಪಸ್ ಪಡೆಯಬಹುದು. ಸರ್ಕಾರವೇ ನಡೆಸಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. ಕರಾರಿನ ಪ್ರತಿ ನೋಡದೆ ಎರಡೂ ಕಡೆ ವಾದಿಸುವುದು ವ್ಯರ್ಥ ಎಂಬುದಷ್ಟೇ ನನ್ನ ಮಾತು.

ಖರೀದಿಯ ಕಡೆಗೂ ಗಮನವಿರಲಿ. ರಾಜ್ಯದ ಸರ್ಕಾರಿ ಕಂಪನಿಗಳಿಗೆ 1999ರ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ, ಟೆಂಡರ್ ಕಡ್ಡಾಯ. ತಪ್ಪಿಸಿಕೊಳ್ಳುವ ಕಿಂಡಿ 4(ಜಿ) ವಿನಾಯಿತಿ. ಅದು ಸರ್ಕಾರದ ಅಧಿಸೂಚನೆಯಿಂದಲೇ ಆಗಬೇಕು, ಎಂ.ಡಿ. ಕಚೇರಿಯ ಟಿಪ್ಪಣಿಯಿಂದಲ್ಲ. ಅರೆಯುವ ಹಂಗಾಮು ಶುರುವಾಗಲು ಎರಡು ವಾರ ಇರುವಾಗ ‘ತುರ್ತು’ ಎಂದು ರಿಪೇರಿ ಗುತ್ತಿಗೆ ಕೊಟ್ಟಿದ್ದರೆ, ಆ ಯಂತ್ರ ಹಿಂದಿನ ಹಂಗಾಮಿನಲ್ಲಿ ಕೆಟ್ಟದ್ದು ಯಾವಾಗ ಎಂದು ಲಾಗ್‌ಬುಕ್ ಕೇಳಿ.

ನೀರಾವರಿ ನಿಗಮಗಳ ಮಾತು ಚಿಕ್ಕದು. ಕಾವೇರಿ ನೀರಾವರಿ ನಿಗಮದಂಥವು ಸಾಲ ಎತ್ತುತ್ತವೆ, ಅಸಲು-ಬಡ್ಡಿ ತೀರುವುದು ರಾಜ್ಯದ ಬೊಕ್ಕಸದಿಂದ. ಇಂಥ ಸಾಲವನ್ನೂ ರಾಜ್ಯದ ಒಟ್ಟು ಹೊಣೆಯಲ್ಲಿ ತೋರಿಸಬೇಕೆಂದು ವಿತ್ತೀಯ ಹೊಣೆಗಾರಿಕೆ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆಯಿತು. ಖಾತರಿಗೂ ಮಿತಿಯಿದೆ: 1999ರ ಕಾಯ್ದೆಯಂತೆ ಒಟ್ಟು ಬಾಕಿ ಖಾತರಿ, ಎರಡು ವರ್ಷ ಹಿಂದಿನ ರಾಜಸ್ವ ಜಮೆಯ ಶೇ. 80 ಮೀರಬಾರದು.

ಬನ್ನಿಮಂಟಪ:
ಬೆಮೆಲ್ ಬಗ್ಗೆ ಒಂದೇ ಸಾಲು: ಕೇಂದ್ರದ್ದು, ರಕ್ಷಣಾ ಸಚಿವಾಲಯದ ಕೈಕೆಳಗೆ, ಸರ್ಕಾರದ ಪಾಲು ಶೇ. 54.03. ಷೇರುಪೇಟೆಯಲ್ಲಿರೋದ್ರಿಂದ ಮೂರು ತಿಂಗಳಿಗೊಮ್ಮೆ ಫಲಿತಾಂಶ ಬಂದೇ ಬರುತ್ತೆ. ರಾಜ್ಯದ ಕಂಪನಿಗಳಲ್ಲಿ ಆ ಒತ್ತಡ ಇಲ್ಲದಿರೋದೇ ದೊಡ್ಡ ವ್ಯತ್ಯಾಸ.

ತೊಣ್ಣೂರುಕೆರೆ:
ಆರ್‌ಟಿಐ ಹಾಕೋದಾದ್ರೆ ಏನು ಬರೀಬೇಕು ಅಂತ ಯಾರಾದ್ರೂ ಹೇಳ್ರಪ್ಪ. ಹಾಕಿದ್ರೆ ‘ವಾಣಿಜ್ಯ ಗೋಪ್ಯತೆ’ ಅಂತ ವಾಪಸ್ ಬರುತ್ತಂತೆ.

ಲೆಕ್ಕಶಾಸ್ತ್ರಿ:
ಆರ್‌ಟಿಐಗೂ ಮೊದಲು 100 ರೂಪಾಯಿ ಖರ್ಚು ಮಾಡಿ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಆ ಶುಲ್ಕ ಕಟ್ಟಿದರೆ ಒಂದು ಕಂಪನಿ ಸಲ್ಲಿಸಿರುವ ಸಾರ್ವಜನಿಕ ದಾಖಲೆಗಳೆಲ್ಲ ನೋಡಲು ಸಿಗುತ್ತವೆ. ಎಒಸಿ-4ರ ಜೊತೆ ಬ್ಯಾಲೆನ್ಸ್ ಶೀಟ್, ಲೆಕ್ಕಪರಿಶೋಧಕರ ವರದಿ, ಸಿಎಜಿ ಟಿಪ್ಪಣಿ ಇರುತ್ತದೆ. ವರದಿಯಲ್ಲಿ ಅನುಬಂಧವನ್ನು ಮೊದಲು ಓದಿ, 2020ರ ಕ್ಯಾರೊ ಆದೇಶದ (ಲೆಕ್ಕಪರಿಶೋಧಕರು ಉತ್ತರಿಸಬೇಕಾದ ಪ್ರಶ್ನೆಗಳ ಪಟ್ಟಿ) ಉತ್ತರಗಳು ಅಲ್ಲಿರುತ್ತವೆ. ಕಲಂ 1(ಸಿ) ಜಮೀನಿನ ಹಕ್ಕುಪತ್ರ ಕಂಪನಿಯ ಹೆಸರಲ್ಲಿದೆಯೇ ಅನ್ನುತ್ತದೆ. ಕಲಂ 7 ಪಿಎಫ್, ಜಿಎಸ್‌ಟಿ ಆರು ತಿಂಗಳಿಗಿಂತ ಹೆಚ್ಚು ಬಾಕಿಯೇ, ಕಲಂ 9 ಸಾಲದ ಕಂತು ತಪ್ಪಿದೆಯೇ, ಕಲಂ 19 ಒಂದು ವರ್ಷದೊಳಗಿನ ಹೊಣೆಯನ್ನು ತೀರಿಸುವ ಶಕ್ತಿಯಿದೆಯೇ. ಇಷ್ಟು ಓದಿದರೆ ಪತ್ರಿಕಾ ಹೇಳಿಕೆ ಓದುವ ಅಗತ್ಯವಿಲ್ಲ. ಅಡವಿನ ಪಟ್ಟಿ ಪೋರ್ಟಲ್‌ನಲ್ಲೇ ಇರುತ್ತದೆ, ಅದನ್ನು ಪಹಣಿಯಲ್ಲಿ ಋಣಗಳನ್ನು ಬರೆಯುವ 11ನೇ ಕಾಲಂ ಜೊತೆ ತಾಳೆ ನೋಡಿ.

ಅಲ್ಲಿ ಸಿಗದ್ದಕ್ಕೆ ಮಾತ್ರ ಆರ್‌ಟಿಐ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ‘ಯಾಕೆ ನಷ್ಟವಾಯಿತು’ ಅಂತ ಬರೆಯಬೇಡಿ. ಕಾರಣ ಕೇಳಿದರೆ ‘ಮಾಹಿತಿಯ ವ್ಯಾಖ್ಯೆಗೆ ಒಳಪಡುವುದಿಲ್ಲ’ ಅಂತ ಉತ್ತರ ಬರುತ್ತದೆ. ದಾಖಲೆಯ ಹೆಸರು ಹಿಡಿದು ಕೇಳಿ: ‘ಬೋರ್ಡ್ ಅಂಗೀಕರಿಸಿದ ಕೊನೆಯ ಮೂರು ವರ್ಷಗಳ ಲೆಕ್ಕಪತ್ರದ ಪ್ರತಿ; ಪ್ರತಿ ವರ್ಷದ ಲೆಕ್ಕವನ್ನು ಶಾಸನಬದ್ಧ ಲೆಕ್ಕಪರಿಶೋಧಕರಿಗೆ, ಮಹಾಲೇಖಪಾಲರಿಗೆ ಕಳಿಸಿದ ಪತ್ರಗಳ ಪ್ರತಿ; ಅದೇ ವರ್ಷಗಳ ಮಹಾಸಭೆಯ ನಡಾವಳಿ.’ ಕಳಿಸಿದ ಪತ್ರಗಳ ದಿನಾಂಕದಿಂದಲೇ ಎಲ್ಲಿ ಎಷ್ಟು ತಿಂಗಳು ಕೂತಿತ್ತು ಅನ್ನುವುದು ಗೊತ್ತಾಗುತ್ತದೆ.

8(1)(ಡಿ) ವಾಣಿಜ್ಯ ಗೋಪ್ಯತೆಯ ನೆಪ ಹೇಳಿದರೆ, ತೆರೆದ ಟೆಂಡರಿನ ಒಪ್ಪಂದ ಮುಗಿದ ಮೇಲೆ ಸ್ಪರ್ಧೆಗೆ ಆಗುವ ಹಾನಿ ಯಾವುದು ಅಂತ ಮೇಲ್ಮನವಿಯಲ್ಲಿ ಕೇಳಿ. 30 ದಿನಕ್ಕೆ ಉತ್ತರ ಬರಬೇಕು, ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಆದೇಶದ ನಂತರ 90 ದಿನದೊಳಗೆ ಮಾಹಿತಿ ಆಯೋಗ. ಅರ್ಜಿಯನ್ನು ಕಂಪನಿಗೊಂದು, ಆಡಳಿತ ಇಲಾಖೆಗೊಂದು ಬೇರೆಬೇರೆ ಹಾಕಿ. ಎರಡು ಉತ್ತರಗಳ ನಡುವೆ ವ್ಯತ್ಯಾಸ ಇರುವ ಕಡೆಯೇ ಮುಂದಿನ ಅರ್ಜಿಗೆ ಜಾಗ.

ನಾಲೆಬದಿ:
ಇನ್ನೊಂದೇ ಪ್ರಶ್ನೆ. ತಾತನ ಕಾಲದ ಷೇರು ಸರ್ಟಿಫಿಕೇಟ್ ಟ್ರಂಕಿನಲ್ಲಿ ಇಟ್ಟುಕೊಂಡಿರೋ ರೈತರ ಮನೆಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ಅದಕ್ಕೇನಾದ್ರೂ ಕಿಮ್ಮತ್ತಿದೆಯಾ?

ಬನ್ನಿಮಂಟಪ:
ದುಡ್ಡಿನ ಲೆಕ್ಕದಲ್ಲಿ ಕಮ್ಮಿ ಇರಬಹುದು, ಹಕ್ಕಿನ ಲೆಕ್ಕದಲ್ಲಿ ಜಾಸ್ತಿ. ಮೊದಲು ಹೆಸರು ಬದಲಾಯಿಸಿಕೊಳ್ಳಬೇಕು. ವಾರಸುದಾರರಿಗೆ ಬರೋದು ಟ್ರಾನ್ಸ್‌ಮಿಷನ್, ಮಾರಾಟದ ಟ್ರಾನ್ಸ್‌ಫರ್ ಅಲ್ಲ, ಎಸ್‌ಎಚ್-4 ವರ್ಗಾವಣೆ ಫಾರಂ ಬೇಕಿಲ್ಲ. ಮರಣ ಪ್ರಮಾಣಪತ್ರ, ಮೂಲ ಸರ್ಟಿಫಿಕೇಟ್, ವಾರಸುದಾರಿಕೆಯ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ, ಕಂಪನಿ ಕೇಳಿದ್ರೆ ಛಾಪಾ ಕಾಗದದ ಮೇಲೆ ನಷ್ಟಭರ್ತಿ ಮುಚ್ಚಳಿಕೆ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಸೆಕ್ಷನ್ 56ರ ಪ್ರಕಾರ ಒಂದು ತಿಂಗಳೊಳಗೆ ಹೊಸ ಹೆಸರಿನ ಸರ್ಟಿಫಿಕೇಟ್ ಬರಬೇಕು. 2018ರ ಅಕ್ಟೋಬರ್ 2ರಿಂದ ಷೇರುಪೇಟೆಯಲ್ಲಿಲ್ಲದ ಪಬ್ಲಿಕ್ ಕಂಪನಿಗಳ ಷೇರು ಮಾರೋಕೂ ಡಿಮ್ಯಾಟ್ ಆಗಲೇಬೇಕು ಅನ್ನೋ ನಿಯಮ ಇದೆ, ಆದ್ರೆ ಸರ್ಕಾರಿ ಕಂಪನಿಗೆ ಅದು ಅನ್ವಯಿಸಲ್ಲ.

ಹೆಸರು ಬಂದ ಮೇಲೆ ಸಭೆಗೆ 21 ದಿನ ಮೊದಲು ನೋಟಿಸೂ ಲೆಕ್ಕಪತ್ರವೂ ನಿಮಗೆ ಬರಬೇಕು. ಸೆಕ್ಷನ್ 119ರಲ್ಲಿ ಮಹಾಸಭೆಗಳ ನಡಾವಳಿ ಪುಸ್ತಕ ಪುಕ್ಕಟೆ ನೋಡಬಹುದು, ಪ್ರತಿ ಕೇಳಿದ್ರೆ ಏಳು ಕೆಲಸದ ದಿನದೊಳಗೆ ಕೊಡಬೇಕು. ಬದಲಿ ಪ್ರತಿನಿಧಿ ಕಳಿಸೋದಾದ್ರೆ 48 ಗಂಟೆ ಮೊದಲು ಫಾರಂ ಕೊಡಬೇಕು. ಆದ್ರೆ ಬದಲಿಯವರಿಗೆ ಮಾತಾಡೋ ಹಕ್ಕಿಲ್ಲ, ಆದಷ್ಟೂ ಖುದ್ದು ಹೋಗಿ.

ಆಲೆಮನೆ:
ಸಭೆಯನ್ನೇ ಕರೀಲಿಲ್ಲ ಅಂದ್ರೆ?

ಲೆಕ್ಕಶಾಸ್ತ್ರಿ:
ಸೆಕ್ಷನ್ 97. ವಾರ್ಷಿಕ ಮಹಾಸಭೆ ತಪ್ಪಿದರೆ ಯಾವುದೇ ಒಬ್ಬ ಸದಸ್ಯ, ಒಂದೇ ಷೇರು ಇರುವವನೂ, ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಅರ್ಜಿ ಹಾಕಿ ಸಭೆ ಕರೆಸಬಹುದು. ಖುದ್ದು ಹಾಜರಿರುವ ಅಥವಾ ಬದಲಿ ಕಳಿಸಿದ ಒಬ್ಬನೇ ಸದಸ್ಯನಿದ್ದರೂ ಅದು ಸಭೆಯೇ ಅಂತ ನ್ಯಾಯಮಂಡಳಿ ನಿರ್ದೇಶಿಸಬಹುದು. ದಬ್ಬಾಳಿಕೆ ಪ್ರಕರಣಕ್ಕೆ ಬೇಕಾದ ನೂರು ಸದಸ್ಯರು ಅಥವಾ ಹತ್ತನೇ ಒಂದು ಪಾಲಿನ ಷರತ್ತು ಇದಕ್ಕಿಲ್ಲ.

ಹಳೇಕಡತ:
ಅರ್ಜಿ ಹಾಕುವ ಮೊದಲು ಒಂದು ನೋಡಿಕೊಳ್ಳಿ. ವಿಶೇಷ ಕಾರಣವಿದ್ದರೆ ರಿಜಿಸ್ಟ್ರಾರ್ ಮಹಾಸಭೆಯ ಗಡುವನ್ನು ಮೂರು ತಿಂಗಳವರೆಗೆ ವಿಸ್ತರಿಸಬಹುದು. ಹಾಗೆ ವಿಸ್ತರಿಸಿದ್ದರೆ ಸೆಪ್ಟೆಂಬರ್ 30 ಹೋಗಿ ಡಿಸೆಂಬರ್ ಕೊನೆ ಆಗಿರುತ್ತದೆ. ವಿಸ್ತರಣೆ ಪಡೆದಿದ್ದೀರಾ, ಆದೇಶದ ದಿನಾಂಕ ಯಾವುದು ಎಂದು ಕಂಪನಿ ಕಾರ್ಯದರ್ಶಿಗೆ ಮೊದಲು ಲಿಖಿತವಾಗಿ ಕೇಳಿ. ಆ ಪತ್ರದ ಪ್ರತಿ ಮತ್ತು ಅಂಚೆ ಸ್ವೀಕೃತಿಯನ್ನು ಅರ್ಜಿಗೆ ಲಗತ್ತಿಸಿ.